ದೋಣಿಯ ಮುಳ್ಳು, ಚಾಚಾನ ಕೋಲು

ಇವತ್ತು ನಳ ಬರುವ ದಿನ. ಬೆಟಗೇರಿಯಲ್ಲಿ ಎಷ್ಟೋ ದಿನಕ್ಕೊಮ್ಮೆ ನೀರು ಬಿಡುವುದರಿಂದ ಆ ದಿನ ಮನೆಯ ಕೆಲಸಗಳೆಲ್ಲ ಹಿಂದುಮುಂದಾಗುತ್ತವೆ. ಎದ್ದವಳೇ ಕೊಡ, ಬಕೆಟ್ಟು, ಡ್ರಮ್ಮು ತೊಳೆದು ಬಾಗಿಲಿನಿಂದ ಬಚ್ಚಲಿನವರೆಗೆ ಸಾಲಾಗಿ ಇಟ್ಟೆ. ಹಾಲು ಕಾಯಿಸಿ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕದ ಮನೆಯ ಮಾಳಿಗೆಯಿಂದ ಅಲಾರಾಂ ಕೂಗತೊಡಗಿತು. ಟ್ಯಾಂಕು ತುಂಬಿದಾಗ ಕೂಗಲೆಂದು ಅವರು ಹಾಕಿಸಿಕೊಂಡ ಯಂತ್ರ ಅದು. ನಳದಲ್ಲಿ ಇನ್ನೂ ಒಂದು ಹನಿ ನೀರು ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ರಿಪೇರಿಯವನೊಬ್ಬ ಬಂದ. ನಮ್ಮ ಎರಡೂ ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲೆ ಕುಳಿತು, ಯಂತ್ರದ ಹೊಟ್ಟೆ ಬಿಚ್ಚಿ ಬೆಸುಗೆ ಹಾಕಲು ಶುರು ಮಾಡಿದ. ಬೆಸುಗೆಗೆ ಹಚ್ಚುವ ರಾಳ ಕಾದ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಗಂಟಲು ಹಿಡಿಯುವಂಥ ವಾಸನೆ... ಒಗ್ಗರಣೆಯ ಸಾಸಿವೆ ಸೀದುಹೋಯಿತು. ನಾನು ಒಲೆ ಆರಿಸಿ ಹಾಗೇ ನಿಂತೆ. ಆ ಗೋಡೆಯ ಆಚೆಯಿಂದ ಆ ವಾಸನೆ ಬಂದು ವರ್ಷಗಳೇ ಆಗಿದ್ದವು.

ಈಗ ಪಕ್ಕದವರು ಇರುವ ಆ ಮನೆಯಲ್ಲಿ ಮೊದಲು ಚಾಚಾ, ಚಾಚಿ ಇದ್ದರು. ನಾನು ಮದುವೆಯಾಗಿ ಬಂದಾಗ ಮೊದಲ ದಿನವೇ ಚಾಚಿ ಗೋಡೆಯ ಮೇಲಿಂದ ಬಿಸಿ ಶಿರಾ ಕೊಟ್ಟು, ತಮ್ಮನ್ನು ಏನೆಂದು ಕರೆಯಬೇಕು ಎನ್ನುವುದನ್ನೂ ಹೇಳಿಬಿಟ್ಟಿದ್ದರು. ಮುಂದಿನ ಕೋಣೆಯೇ ಚಾಚಾನ ಅಂಗಡಿ. ಟ್ರ್ಯಾಕ್ಟರ್, ಲಾರಿ, ಟೆಂಪೋಗಳ ಮೀಟರ್ ರಿಪೇರಿ ಅವರ ಕೆಲಸ. ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ, ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳುಗಳು ಕೆಟ್ಟರೆ ಹರ್ತಿಯಿಂದ, ಸೊರಟೂರಿನಿಂದ, ಮುಂಡರಗಿಯ ಕಡೆಯಿಂದಲೂ ಬರುತ್ತಿದ್ದರು. ಬಿತ್ತಿಗೆಯ ಕಾಲದಲ್ಲಿ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರುಗಳ ಸಾಲು ನಿಂತು, ಮಗ್ಗದ ಸಪ್ಪಳವೂ ಕೇಳಿಸದಂತಾಗುತ್ತಿತ್ತು.

ಚಾಚಾನದೊಂದು ಪದ್ಧತಿ ಇತ್ತು. ಮೀಟರ್ ಸರಿಮಾಡಿದ ಮೇಲೆ ಆ ಗಾಡಿಯಲ್ಲಿ ತಾವೇ ಕುಳಿತು ಒಂದು ಸುತ್ತು ಹೋಗಿ ಬಾರದೆ ಅದನ್ನು ಒಪ್ಪಿಸುತ್ತಿರಲಿಲ್ಲ. ಬಿಳಿ ಟೋಪಿ, ತೋಳು ಮಡಚಿದ ಅಂಗಿ, ಕೈಯಲ್ಲೊಂದು ಬಿದಿರಿನ ಕೋಲು. ಡೀಸೆಲ್ ಡ್ರಮ್ಮಿಗೂ ಸಾಲುವಷ್ಟು ಉದ್ದದ ಆ ಕೋಲಿಗೆ ಚಾಕುವಿನಿಂದ ಕಚ್ಚು ಹಾಕಿದ್ದರು. ಸುತ್ತು ಮುಗಿದ ಮೇಲೆ ಟ್ಯಾಂಕಿನಲ್ಲಿ ಕೋಲು ಅದ್ದಿ ತೆಗೆದು, ಬೆರಳಾಡಿಸಿ, ಎಲ್ಲಿಯವರೆಗೆ ತಣ್ಣಗೆ ಹತ್ತುತ್ತದೆ ಎಂದು ನೋಡುತ್ತಿದ್ದರು. ಮುಳ್ಳು ಮತ್ತು ಕೋಲು ಒಂದೇ ಮಾತು ಹೇಳಿದರೆ ಗಾಡಿ ಊರಿಗೆ ಹೋಗಬಹುದು. ಇಲ್ಲದಿದ್ದರೆ ಟ್ರ್ಯಾಕ್ಟರಿನವರು ಇನ್ನೊಂದು ಚಹಾ ಕುಡಿಯಬೇಕು.

ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಚಾಚಾ ಕೆಳಗಿನಿಂದ ಏನಾದರೂ ಕೇಳುತ್ತಿದ್ದರು. ಒಂದು ವಾಯರ್ ಎತ್ತಿ ಹಿಡಿದು, ಇದು ನಿನ್ನ ಸೀರೆಯ ಅಂಚಿನ ಬಣ್ಣದ್ದಲ್ಲವೇ ಎನ್ನುವುದು. ನಾನು ಅಲ್ಲ, ಇದು ಹಸಿರು, ನನ್ನದು ನೀಲಿ ಎನ್ನುವುದು. ಹೌದಲ್ಲ ಎಂದು ಅವರು ನಗುವುದು. ಮೊದಮೊದಲು ಚೇಷ್ಟೆ ಎಂದುಕೊಂಡಿದ್ದೆ. ಆಮೇಲೆ ಗಮನಿಸಿದೆ, ಆ ಚೇಷ್ಟೆ ಯಾವಾಗಲೂ ವಾಯರಿನ ಬಗ್ಗೆಯೇ ಇರುತ್ತಿತ್ತು. ಚಹಾದ ಕಪ್ಪು ತೆಗೆದುಕೊಳ್ಳುವಾಗಲೂ ಅವರ ಕೈ ಮೊದಲು ಕೆಳಗಿನ ಬಸಿಯನ್ನು ಮುಟ್ಟಿ, ಆಮೇಲೆ ಕಪ್ಪಿಗೆ ಹೋಗುತ್ತಿತ್ತು...

ಹೀಗಿರುವಾಗ ಒಂದು ವರ್ಷ ಊರ ಕೆರೆಯಲ್ಲಿ ಮಂದಿಯನ್ನು ಸುತ್ತಾಡಿಸಲು ಮೋಟಾರು ದೋಣಿಯೊಂದು ಬಂತು. ಸಮುದ್ರದ ಕಡೆ ಓಡಾಡಿದ ಹಳೆಯ ದೋಣಿ. ಬಣ್ಣ ಹಚ್ಚಿ, ಚಪ್ಪರಕ್ಕೆ ಪ್ಲಾಸ್ಟಿಕ್ ಹೂವು ಕಟ್ಟಿ ಚಂದ ಮಾಡಿದ್ದರು. ಚುಕ್ಕಾಣಿಯ ಮುಂದಿನ ಮೀಟರುಗಳು ಮಾತ್ರ ಹುಚ್ಚುಹುಚ್ಚಾಗಿ ಕುಣಿಯುತ್ತಿದ್ದವು. ದೋಣಿ ಓಡಿಸುವವನು ಮುಂಡರಗಿಯ ಕಡೆಯವನು, ಮಾತುಗಾರ. ಮೀಟರಿನ ಹಲಗೆಯನ್ನೇ ಬಿಚ್ಚಿ ಬೈಕಿನ ಮೇಲೆ ಇಟ್ಟುಕೊಂಡು ಚಾಚಾನ ಬಳಿ ಬಂದ. ಚಾಚಾ ತಮ್ಮ ಕಬ್ಬಿಣದ ಟೇಬಲ್ಲಿನ ಮೇಲೆ ಬ್ಯಾಟರಿ ಜೋಡಿಸಿ, ಒಂದೊಂದೇ ಮೀಟರು ಬಿಚ್ಚಿ, ಕೆಟ್ಟ ಬೆಸುಗೆ ತೆಗೆದು ಹೊಸದು ಹಾಕಿದರು. ನಾಲ್ಕೈದು ದಿನ ಗೋಡೆಯ ಆಚೆಯಿಂದ ಬರೀ ರಾಳದ ವಾಸನೆ. ಟೇಬಲ್ಲಿನ ಮೇಲೆ ಎಲ್ಲ ಮುಳ್ಳುಗಳೂ ಸರಿಯಾಗಿ ನಿಂತವು. ಮರುದಿನ ಕೆರೆಗೆ ಹೋಗಿ ಹಲಗೆಯನ್ನು ದೋಣಿಗೆ ಕೂಡಿಸಿಯೂ ಬಂದರು. ಇನ್ನು ಉಳಿದದ್ದು ಆ ಒಂದು ಸುತ್ತು.

ಅವತ್ತು ಮಧ್ಯಾಹ್ನ ಚಾಚಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಎಂದೂ ಕೂಡದವರು ಕಟ್ಟೆಯ ಮೇಲೆ ಕುಳಿತರು. ಹುಬ್ಬಳ್ಳಿಯ ಡಾಕ್ಟರು ಚಾಚಾನ ಕಣ್ಣಿನ ನರ ಒಣಗುತ್ತ ಬಂದಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದಿದ್ದರಂತೆ. ಆ ಮಾತು ಗಂಡಹೆಂಡತಿಯ ನಡುವೆಯೇ ಇತ್ತು.

“ಈ ಬೋಟಿನ ಕೆಲಸ ಸರಿ ಆದ್ರ ಅಂಗಡಿ ನಡಸ್ತೀನಿ, ಇಲ್ಲಂದ್ರ ಬಾಗಲಾ ಹಾಕ್ತೀನಿ ಅಂತ ಮನಸಿನ್ಯಾಗ ಇಟ್ಕೊಂಡಾರ,” ಎಂದರು ಚಾಚಿ. “ನಂಗ ನೀರಂದ್ರ ಅಂಜಿಕಿ. ನೀ ಹೋಗವ್ವಾ ಜೋಡಿಲೆ. ಸಂಜಿಮುಂದ ಅವರಿಗೆ ಮುಳ್ಳು ಕಾಣಂಗಿಲ್ಲ.”

ನಮ್ಮವರು ಶಿರಹಟ್ಟಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದ ಕಾಲ ಅದು. ಅವರು ಬರುವಷ್ಟರಲ್ಲಿ ತಿರುಗಿ ಬರಬಹುದೆಂದು ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಚಾಚಿಯ ಹತ್ತಿರ ಬಿಟ್ಟು ಹೊರಟೆ. ಆಟೋದಲ್ಲಿ ಚಾಚಾ ಕೋಲನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕುಳಿತಿದ್ದರು. ನಾನೇಕೆ ಬಂದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೋಣಿ ಹೊರಡುವ ಮುನ್ನ ಅದರ ಖಾಲಿ ಟ್ಯಾಂಕಿಗೆ ಅಳೆದು ಪೆಟ್ರೋಲು ಹಾಕಿಸಿ, ಎಷ್ಟು ಹಾಕಿದರೆ ಎಷ್ಟು ಕಚ್ಚು ಬರುತ್ತದೆ ಎಂದು ಬೆರಳಿನಲ್ಲೇ ನೋಡಿಕೊಂಡರು. ದೋಣಿ ಹತ್ತುವಾಗ ಅವರು ಚಪ್ಪರದ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಯಲು ಸೀಮೆಯ ಮನುಷ್ಯ, ಈಜು ಬಾರದು. ನನಗೂ ಬಾರದು. ದೋಣಿಯವನು ಕಿತ್ತಳೆ ಬಣ್ಣದ ಜಾಕೀಟು ಕೊಟ್ಟ. ಅದನ್ನು ಹಾಕಿಕೊಂಡು ಟೋಪಿ ಸರಿಮಾಡಿಕೊಂಡ ಚಾಚಾ ಮದುವೆಗೆ ಹೊರಟವರಂತೆ ಕಂಡರು. ಮೊದಲರ್ಧ ಸುತ್ತು ಎಲ್ಲ ಸರಿಯಾಗಿತ್ತು. ಅವರು ಕೇಳಿದಾಗಲೆಲ್ಲ ನಾನು ಮುಳ್ಳು ಎಲ್ಲಿದೆ ಎಂದು ಮೆಲ್ಲಗೆ ಹೇಳುತ್ತಿದ್ದೆ. ಕತ್ತಲಾಗುತ್ತ ಬಂತೆಂದು ದೋಣಿಯವನು ದೀಪ ಹಾಕಿದ. ಅರ್ಧಕ್ಕಿಂತ ಕೆಳಗಿದ್ದ ಪೆಟ್ರೋಲಿನ ಮುಳ್ಳು ಒಮ್ಮೆಲೆ ಏರಿ ‘ಪೂರ್ತಿ’ ಎನ್ನುವಲ್ಲಿಗೆ ಹೋಗಿ ನಿಂತಿತು.

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಚಾಚಾ ನನ್ನ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು.

“ಚಾಚಾ, ದೀಪ ಹಾಕಿದ ಕೂಡ್ಲೆ ಮುಳ್ಳು ಮ್ಯಾಲೆ ಹೋತ್ರಿ,” ಎಂದೆ.

ಎಂಜಿನ್ ಬಂದ್ ಮಾಡಿಸಿದರು. ದೀಪವನ್ನೂ ಆರಿಸಿದರು. ಕೆರೆಯ ನಡುವೆ ದೋಣಿ ತಾನೇ ತಾನಾಗಿ ತಿರುಗತೊಡಗಿತು. ದಡದ ಮೇಲಿನ ಗಾಡಿಗಳ ಸಪ್ಪಳ ಬಹಳ ದೂರದಿಂದ ಬಂದಂತಿತ್ತು. ಚಾಚಾ ಕೋಲು ಅದ್ದಿ ತೆಗೆದು ಬೆರಳಾಡಿಸಿದರು. ಎರಡೇ ಕಚ್ಚು. ಆಮೇಲೆ ಬಾಗಿ, ದೋಣಿಯ ಮೈಯನ್ನು ಬೆರಳಿನ ಗೆಣ್ಣಿನಿಂದ ಬಡಿದರು. ಟೊಳ್ಳು ಪ್ಲಾಸ್ಟಿಕ್ಕಿನ ಸಪ್ಪಳ ಬಂತು. ಇನ್ನೊಂದು ಕಡೆ ಬಡಿದರು. ಅಲ್ಲಿಯೂ ಅದೇ.

“ಟ್ರ್ಯಾಕ್ಟರ್ ಮೈಯೆಲ್ಲಾ ಕಬ್ಬಣ,” ಎಂದರು, ಯಾರಿಗೂ ಅಲ್ಲವೆಂಬಂತೆ. “ವಾಯರ್ ಎಲ್ಲಿ ಬಿಗದ್ರೂ ಕರೆಂಟ್ ತಿರುಗಿ ಬ್ಯಾಟರಿ ಮುಟ್ಟತೈತಿ. ನಾ ಇಲ್ಲೂ ಕೈಲೆ ಬೋಲ್ಟ್ ಹುಡುಕಿ ಬಿಗದ್ಬಿಟ್ಟೆ. ಕಣ್ಣಲೆ ನೋಡಲಿಲ್ಲ.”

ನನಗೆ ಆಗ ಅರ್ಧ ತಿಳಿಯಿತು, ಉಳಿದರ್ಧ ಆಮೇಲೆ. ಕಬ್ಬಿಣದ ಗಾಡಿಯಲ್ಲಿ ಕರೆಂಟು ಹಿಂದಿರುಗಲು ಗಾಡಿಯ ಮೈಯೇ ದಾರಿ. ಒಂದು ತುದಿಯನ್ನು ಯಾವ ಬೋಲ್ಟಿಗೆ ಬಿಗಿದರೂ ನಡೆಯುತ್ತದೆ, ಕೈಗೆ ಬೋಲ್ಟು ಸಿಕ್ಕರೆ ಸಾಕು. ಕಣ್ಣು ಮಂದವಾಗುತ್ತಿದ್ದ ಚಾಚಾನನ್ನು ಅಷ್ಟು ದಿನ ನಡೆಸಿದ್ದು ಆ ಕಬ್ಬಿಣವೇ. ಅವರ ಟೇಬಲ್ಲೂ ಕಬ್ಬಿಣದ್ದೇ ಆದ್ದರಿಂದ ಅಲ್ಲಿ ತಪ್ಪು ಗೊತ್ತಾಗಲಿಲ್ಲ. ದೋಣಿಯಲ್ಲಿ ಅವರ ಕೈಗೆ ಸಿಕ್ಕ ಬೋಲ್ಟಿನಿಂದ ಹಿಂದಿರುಗಲು ಒಂದೇ ತೆಳು ವಾಯರು ಇತ್ತು, ದೀಪದ ಕರೆಂಟೂ ಅದರಲ್ಲೇ ನುಗ್ಗಿದ್ದರಿಂದ ಮುಳ್ಳು ದಾರಿ ತಪ್ಪಿತು. ದೋಣಿಯಲ್ಲಿ ಪ್ರತಿ ಮೀಟರಿಗೂ ಹಿಂದಿರುಗುವ ವಾಯರು ಬೇರೆಯೇ ಎಳೆಯಬೇಕು. ಅಂದರೆ ಒತ್ತೊತ್ತಾಗಿ ಹತ್ತಾರು ವಾಯರುಗಳು, ಬಣ್ಣ ನೋಡದೆ ಒಂದೂ ತಿಳಿಯದು.

ದೋಣಿಯವನಿಗೆ ಇದೆಲ್ಲ ದೊಡ್ಡ ಸಂಗತಿ ಅನಿಸಲಿಲ್ಲ. “ಇರ್ಲಿ ಬಿಡ್ರಿ ಚಾಚಾ. ಮಂದಿ ನೀರ ನೋಡಾಕ ಬರ್ತಾರ, ಮುಳ್ಳ ನೋಡಾಕ ಬರ್ತಾರೇನು?”

“ಮಂದಿ ನೋಡಂಗಿಲ್ಲಪಾ,” ಎಂದರು ಚಾಚಾ. “ನೀ ನೋಡ್ತಿ. ನೋಡಿ ನಂಬ್ತಿ. ತಿರಗಸು ಗಾಡಿ.”

ಎರಡು ಕಚ್ಚಿನ ಪೆಟ್ರೋಲಿನಲ್ಲಿ ದಡ ಸೇರಿದೆವು.

ಮರುದಿನದಿಂದ ನಾನು ಅಡುಗೆ ಮುಗಿಸಿ ಅಂಗಡಿಗೆ ಹೋಗಿ ಕೂಡತೊಡಗಿದೆ. ಯಾರು ಕರೆದರೆಂದು ಈಗ ನೆನಪಿಲ್ಲ, ಚಾಚಿಯೇ ಇರಬೇಕು... ನಾನು ಒಂದೊಂದೇ ವಾಯರಿನ ಬಣ್ಣ ಹೇಳುವುದು, ಚಾಚಾ ಅದನ್ನು ಸೇರಬೇಕಾದಲ್ಲಿ ಸೇರಿಸುವುದು. ಒಂದು ವಾಯರನ್ನು ನಾನು ‘ಲ್ಯಾವೆಂಡರ್’ ಎಂದೆ. ಕಾನ್ವೆಂಟಿನ ಬಣ್ಣ ನನಗೆ ಬ್ಯಾಡ, ಬದನಿಕಾಯಿ ಅನ್ನು ಎಂದರು. ಅಲ್ಲಿಂದ ನಮ್ಮ ಬಣ್ಣಗಳೆಲ್ಲ ಬದನೆಕಾಯಿ, ಅರಿಷಿಣ, ಟೊಮೆಟೊ ಎಂದು ಸಂತೆಯ ಹೆಸರಿನಲ್ಲೇ ನಡೆದವು. ಚಾಚಿ ಒಳಗಿನಿಂದಲೇ, ಪಲ್ಯಕ್ಕೇನೂ ತರುವುದು ಬೇಡವಾಯಿತು ಎಂದು ಚುಚ್ಚುತ್ತಿದ್ದರು.

ಎರಡನೆಯ ದಿನ ನನ್ನ ಹೊಲಿಗೆಯ ಡಬ್ಬಿ ಒಯ್ದೆ. ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದ ಸಣ್ಣ ಗಟ್ಟಿ ಗಂಟು, ಎಳೆದರೂ ಬಿಚ್ಚದು. ಹಿಂದಿರುಗುವ ಕಪ್ಪು ವಾಯರಿಗೆ ದಾರದ ಒಂದು ಗಂಟು, ದೀಪದ್ದಕ್ಕೆ ಎರಡು, ಪೆಟ್ರೋಲಿನ ಮೀಟರಿನದಕ್ಕೆ ಮೂರು ಹಾಕಿ ಕೊಟ್ಟೆ. ಚಾಚಾ ಗಂಟನ್ನು ಬೆರಳಿನಲ್ಲಿ ಹೊರಳಿಸಿ ನೋಡಿದರು. ಆಮೇಲೆ ಅವರ ಕೈ ಮೊದಲಿನಂತೆ ಓಡಿತು. ಬಣ್ಣ ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ವಾಯರು ತನ್ನ ಜಾಗದಲ್ಲಿರುತ್ತಿತ್ತು.

ಎರಡನೆಯ ಸುತ್ತಿಗೂ ಹೋದೆವು. ದೀಪ ಹಾಕಿದರೂ ಮುಳ್ಳು ಅಲುಗಲಿಲ್ಲ. ನಾನು ಮುಳ್ಳು ನೋಡಿ ಹೇಳಿದ್ದನ್ನೇ ಅವರ ಕೋಲೂ ಹೇಳಿತು. ಚಾಚಾ ದೋಣಿಯವನ ಬೆನ್ನು ತಟ್ಟಿ, ಆತು, ಇನ್ನು ಓಡಿಸು ಎಂದರು. ಆ ರಜೆಯಲ್ಲಿ ಇಡೀ ಊರೇ ಆ ದೋಣಿಯಲ್ಲಿ ಕುಳಿತುಬಂತು. ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನಾನು ಸುತ್ತಿನುದ್ದಕ್ಕೂ ಮುಳ್ಳನ್ನೇ ನೋಡುತ್ತಿದ್ದೆನೆಂದು ನಮ್ಮವರು ಇಂದಿಗೂ ಹಾಸ್ಯ ಮಾಡುತ್ತಾರೆ.

ಕೆಲಸ ಸರಿಯಾಯಿತಲ್ಲ, ಇನ್ನು ಅಂಗಡಿ ನಡೆಯುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಅದೇ ವಾರ ಚಾಚಾ ಬ್ಯಾಟರಿಯ ತಂತಿ ಬಿಚ್ಚಿ, ಟೇಬಲ್ ಒರೆಸುತ್ತಿದ್ದರು. ದಿನಾ ಬಂದು ಬಣ್ಣ ಹೇಳುತ್ತೇನೆ, ಗಂಟು ಹಾಕಿಕೊಡುತ್ತೇನೆ, ನನಗೇನು ಭಾರವಲ್ಲ ಎಂದೆ. ನಿಜವಾಗಿಯೂ ಬರುವವಳಿದ್ದೆ.

“ನಿನ್ನ ಗಂಡ ರೊಟ್ಟಿ ಕೇಳಿದಾಗ ನನಗ ಬಣ್ಣ ಹೇಳಾವರು ಯಾರವ್ವಾ?” ಎಂದು ನಕ್ಕರು. ಆಮೇಲೆ ಬಟ್ಟೆ ಮಡಚಿ ಇಟ್ಟು ಹೇಳಿದರು, “ಬೋಟ್ ಸರಿ ಆತು, ಖರೆ. ಮೊದಲನೇ ಸುತ್ತಿನ್ಯಾಗ ನೀ ಬಾಯಿ ಮುಚ್ಕೊಂಡ ಕುಂತಿದ್ರ? ಮುಳ್ಳು ತಪ್ಪೈತಿ ಅಂತ ನನಗ ಗೊತ್ತ ಆಗ್ತಿರಲಿಲ್ಲ ಮಗಳ. ಬಾಗಲಾ ಹಾಕಾಕ ಅಷ್ಟ ಸಾಕು.”

ನಾನು ಹೊಲಿಗೆಯ ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ.

ಮುಂದಿನ ಬೇಸಿಗೆಗೆ ಅವರಿಬ್ಬರೂ ಲಕ್ಷ್ಮೇಶ್ವರಕ್ಕೆ, ಚಾಚಿಯ ತಮ್ಮನ ಮನೆಯ ಹತ್ತಿರ ಹೋದರು. ತಮ್ಮನದು ಕಾಳಿನ ವ್ಯಾಪಾರ. ಚಾಚಾ ಅಲ್ಲಿ ಅಂಗಡಿಯ ಬಾಗಿಲಲ್ಲಿ ಕುಳಿತು, ಬಂದ ಕಡಲೆಯನ್ನು ಅಂಗೈಯಲ್ಲಿ ಹಿಡಿದೇ ಹಸಿಯೋ ಒಣಗಿದ್ದೋ ಹೇಳುತ್ತಾರೆಂದು ಒಮ್ಮೆ ಚಾಚಿ ಫೋನಿನಲ್ಲಿ ಹೇಳಿದ್ದರು. ನೋಡಲು ಹೋಗಬೇಕು, ಹೋಗಬೇಕು ಎನ್ನುತ್ತ... ಲಕ್ಷ್ಮೇಶ್ವರವೇನು ದೂರವೇ? ಚಾಚಾ ತೀರಿಕೊಂಡ ಖಬರ ನಮಗೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಚಾಚಿಯೂ ಈಗಿಲ್ಲ. ಕೆರೆಯ ಆ ಹಳೆಯ ದೋಣಿ ಎಲ್ಲಿ ಹೋಯಿತೋ ತಿಳಿಯದು. ಅದರೊಳಗೆಲ್ಲೋ ನನ್ನ ದಾರದ ಗಂಟುಗಳು ಇದ್ದರೂ ಇರಬಹುದು.

ಇವತ್ತು ನೀರು ಬಂದು ಹೋಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಸಂಜೆ ಒಣಗಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದೆ. ಪಕ್ಕದಾಕೆಯೂ ಅವರ ಮಾಳಿಗೆಯಲ್ಲಿದ್ದಳು. ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕೋಲನ್ನು ಅದ್ದಿ ನೋಡುತ್ತಿದ್ದಳು. ಬೆಳಗಿನ ರಿಪೇರಿ ಸರಿಯಾಗಲಿಲ್ಲವೇ ಎಂದು ಕೇಳಿದೆ.

“ಮಿಷನ್ನಿನ ಮಾತ ಯಾರು ನಂಬ್ತಾರ್ರಿ ಅಕ್ಕಾರ,” ಎಂದಳು, ಕೋಲನ್ನು ಸೆರಗಿಗೆ ಒರೆಸಿ ಗೋಡೆಗೆ ಆನಿಸುತ್ತ. “ಈ ಬಿದಿರಿನ ಕೋಲು ನಾವು ಈ ಮನಿಗೆ ಬಂದಾಗ ಅಟ್ಟದ ಮ್ಯಾಲ ಬಿದ್ದಿತ್ತು. ಯಾರೋ ಪುಣ್ಯಾತ್ಮ ಕಚ್ಚು ಹಾಕಿಟ್ಟಾನ. ಕತ್ತಲಾಗಿದ್ರೂ ಬೆರಳಿಗೆ ಗೊತ್ತಾಕ್ಕೈತಿ ನೋಡ್ರಿ.”