ಒಂದು ಕೋಶವೂ ಸಾಯದ ಪುಡಿ

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇನೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ರೋಣದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಈ ಉರಿ ಪಿಂಚಣಿಯ ಜೊತೆಗೇ ಬಂದದ್ದಿರಬೇಕು.

ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗ ಈರಣ್ಣ ಹೋದ ವರ್ಷ ಇಳಕಲ್ ಸೀರೆಗಳ ಪಕ್ಕದಲ್ಲೇ ಒಂದು ಪುಡಿಯ ಡಬ್ಬಿಗಳನ್ನು ಜೋಡಿಸಿದ. "ಇದನ್ನ ತಗೊಂಡ್ರ ಮೈಯಾಗ ಒಂದ ಜೀವಕೋಶನೂ ಸಾಯಂಗಿಲ್ರಿ" ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಸಾಯದಿದ್ದರೆ ಗತಿಯೇನು, ನೀವೇ ಹೇಳಿ! ತಾಯಿಯ ಹೊಟ್ಟೆಯಲ್ಲಿ ಬೆರಳುಗಳ ನಡುವಿನ ಕೋಶಗಳು ಹೇಳಿದ ಹೊತ್ತಿಗೆ ಸತ್ತದ್ದರಿಂದಲೇ ಈರಣ್ಣನ ಬೆರಳು ಬಿಡಿಬಿಡಿಯಾಗಿವೆ. ಇಲ್ಲವಾದರೆ ಬಾತುಕೋಳಿಯ ಪಾದದಂಥ ಕೈಯಲ್ಲಿ ಸೀರೆ ಮಡಚುತ್ತಿದ್ದ.

ನಕ್ಕು ಬಿಡಬಹುದಿತ್ತು. ಆದರೆ ಮೆಣಸಗಿಯಲ್ಲಿರುವ ನನ್ನ ತಂಗಿ ಗಂಗವ್ವ ಒಂದು ಡಬ್ಬಿ ಒಯ್ದಳು. ಅವಳಿಗೆ ಕೀಲುವಾತ. ಮೈಯನ್ನು ಕಾಯುವ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕೆಲವು ಪ್ರೋಟೀನುಗಳನ್ನು ಕಳಿಸುತ್ತವೆ. ಸೋಂಕು ತಗುಲಿದ ಕೋಶಕ್ಕೆ ಅಂಥ ಪ್ರೋಟೀನು 'ಸಾಯಿ' ಎಂದರೆ ಅದು ನೆರೆಹೊರೆಗೆ ಉಪದ್ರವ ಕೊಡದೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಅದೇ ಪ್ರೋಟೀನು ಇನ್ನೊಂದು ಕಡೆ 'ಬದುಕು, ಕಾದಾಡು' ಎನ್ನುವುದೂ ಉಂಟು. ಗಂಗವ್ವನ ಮೈಯಲ್ಲಿ ಈ ಸುದ್ದಿ ಅತಿಯಾಗಿತ್ತು. ಕೆಲಸ ಮುಗಿಸಿ ಸಾಯಬೇಕಾದ ಕಾವಲಿನ ಕೋಶಗಳು ಸಾಯದೆ, ಕೀಲುಗಳಲ್ಲಿ ಠಿಕಾಣಿ ಹೂಡಿ ಅವಳ ಎಲುಬನ್ನೇ ಸವೆಸುತ್ತಿದ್ದವು. ಡಾಕ್ಟರರ ಇಂಜೆಕ್ಷನ್ ಆ ಪ್ರೋಟೀನಿನ ಬಾಯಿ ಕಟ್ಟುತ್ತಿತ್ತು. ನಮ್ಮ ಮಹಾಶಯ ಆ ಇಂಜೆಕ್ಷನ್ನನ್ನೇ ಬಿಡಿಸಿ, ಪುಡಿಯಿಂದ ಶಕ್ತಿ ಹೆಚ್ಚಿಸಲು ಹೊರಟಿದ್ದ!

ನಾನು ಹೋಗಿ ನೋಡಿದಾಗ ಅವಳ ಬೆರಳುಗಳು ಊದಿಕೊಂಡಿದ್ದವು. ರೊಟ್ಟಿ ಬಡಿಯುವುದಿರಲಿ, ಸೆರಗು ಸರಿಪಡಿಸಲೂ ಆಗುತ್ತಿರಲಿಲ್ಲ. "ಚಲೋ ಆಗೂ ಮುಂದ ಹಿಂಗ ಬಾವು ಬರ್ತದಂತಕ್ಕಾ, ಈರಣ್ಣ ಹೇಳ್ಯಾನ" ಎಂದಳು.

"ಅವನ ತಲಿ! ಏಳು, ಲಗೂನ ದವಾಖಾನಿಗೆ ಹೋಗೂಣು" ಎಂದು ಗದಗಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ತನ್ನ ಕೈಯನ್ನೇ ನೋಡಿಕೊಂಡು ಕೂತಿದ್ದಳು. ಇಂಜೆಕ್ಷನ್ ಮತ್ತೆ ಶುರುವಾಗಿ ಬಾವು ನಿಧಾನಕ್ಕೆ ಇಳಿಯಿತು. ಬಲಗೈಯ ಕಿರುಬೆರಳು ಮಾತ್ರ ಡೊಂಕಾದದ್ದು ಡೊಂಕಾಗಿಯೇ ಉಳಿಯಿತು.

ಮೊನ್ನೆ ನಾನು ಅವಳ ಮನೆಯಲ್ಲಿದ್ದಾಗ ಈರಣ್ಣ ಬಂದ. ತಪ್ಪಾಯಿತು ಎನ್ನುವನೇನೋ ಎಂದುಕೊಂಡೆ. ಅವನು ಚೀಲದಿಂದ ಹೊಸ ನಮೂನೆಯ ಡಬ್ಬಿ ತೆಗೆದು, "ತಂಗೀ, ಇದು ಅದಕ್ಕಿಂತ ಜೋರ ಐತಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಅವನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ಶಾಂತವಾಗಿ ಅಂದಳು:

"ನನಗ ಶಕ್ತಿ ಹೆಚ್ಚಾಗೇ ಜಡ್ಡ ಬಂದದ ಅಣ್ಣಾ. ಬುದ್ಧಿ ಹೆಚ್ಚಾಗೂ ಪುಡಿ ಬಂದ್ರ ತಗೊಂಬಾ. ಮದಲ ನೀನ ತಿಂದ ನೋಡು."