ತಳ ಕಾಣದ ಪರಾತ

ಜನ ಹೆಚ್ಚಿದಂತೆ ನೆಲ, ನೀರು ಹೇಗೆ ತೀರುತ್ತವೆ ಎಂದು ಬೋರ್ಡಿನ ಮೇಲೆ ಎಷ್ಟು ಬರೆದರೂ ಒಂಬತ್ತನೇ ತರಗತಿ ಆಕಳಿಸುತ್ತಿತ್ತು. ಅದಕ್ಕೇ ಒಂದು ದಿನ ಇರಕಲ್ಲಗಡದ ಅಂಗಡಿಯಿಂದ ಒಂದು ಚೀಲ ಮಂಡಕ್ಕಿ ತಂದು, ಪರಾತವೆಂಬ ಅಗಲ ತಟ್ಟೆಗೆ ಒಂದಿಷ್ಟು ಸುರಿದೆ.

"ಇದು ಭೂಮಿ. ಸುತ್ತಿಗೊಮ್ಮೆ ಜನ ದುಪ್ಪಟ್ಟು ಆಗ್ತಾರ. ಬೇಕಾದಷ್ಟು ತಗೋರಿ. ಪ್ರತಿ ಸುತ್ತಿನ ಕೊನೀಗೆ ಎಷ್ಟು ಉಳಿದಿರತೈತೋ ಅಷ್ಟ ಮತ್ತ ಹಾಕ್ತೀನಿ."

ಬೇಗ ಖಾಲಿಯಾಗುತ್ತದೆ, ಆಗ ಪಾಠ ಶುರುಮಾಡೋಣ ಎಂಬುದು ನನ್ನ ಲೆಕ್ಕ. ಮೊದಲು ಬಂದ ಹುಡುಗರು ಬೊಗಸೆ ಬೊಗಸೆ ಬಾಚಿದರು. ತಳದಲ್ಲಿ ಒಂದು ಹಿಡಿ ಉಳಿದಾಗ ರೇಣುಕಾ ಎಂಬ ಹುಡುಗಿ ಎದ್ದು ಬಂದು ಅಂಗೈ ಅಡ್ಡ ಹಿಡಿದಳು.

"ಕೈ ತೆಗಿಯವ್ವ, ಖಾಲಿ ಆಗ್ಲಿ," ಎಂದೆ.

"ಇಲ್ರಿ ಸರ. ಹಿಟ್ಟಿನ ಡಬ್ಬಿ ತಳ ಕೆರದ್ರ ನಮ್ಮವ್ವ ಬೈತಾಳ್ರಿ. ಒಂದು ಹಿಡಿ ಉಳಿಸೇ ಮುಚ್ಚಬೇಕ್ರಿ."

"ಇದು ಹಿಟ್ಟಲ್ಲ, ಭೂಮಿ."

"ಹಂಗಾರ ಎರಡು ಹಿಡಿ ಉಳಸ್ತೀನ್ರಿ."

ಎಲ್ಲರ ಮನೆಯಲ್ಲೂ ಅದೇ ಡಬ್ಬಿ, ಅದೇ ಅವ್ವ. ಬಾಚಿದವರು ಒಬ್ಬೊಬ್ಬರಾಗಿ ಬಂದು ವಾಪಸ್ ಸುರಿದರು. ಆಮೇಲೆ ಸುತ್ತಿಗೊಮ್ಮೆ ಅವರು ಸ್ವಲ್ಪಸ್ವಲ್ಪವೇ ತೆಗೆದುಕೊಂಡರು, ಉಳಿದಷ್ಟನ್ನು ನಾನು ಮತ್ತೆ ಹಾಕುತ್ತ ಹೋದೆ. ಗಂಟೆ ಹೊಡೆದಾಗ ಇಡೀ ತರಗತಿ ತಿಂದಿತ್ತು, ಪರಾತವೂ ತುಂಬಿತ್ತು. ನನ್ನ ಲೆಕ್ಕ ಸೋತಿದ್ದಕ್ಕೆ ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ.

ಆ ಪರಾತವನ್ನು ಮೆರವಣಿಗೆಯಂತೆ ಸ್ಟಾಫ್ ರೂಮಿಗೆ ಒಯ್ದು ಮೇಷ್ಟ್ರುಗಳಿಗೆಲ್ಲ ಕಥೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಪರಾತ ತೊಳೆದಿಟ್ಟಂತಿತ್ತು.