ಅರಮನೆಯ ಪರದೆ ಕಟ್ಟಿದ ಬಸ್ಸು

ಪಾಲಾಕ್ಷಪ್ಪನ ನಾಟಕ ಕಂಪನಿಯಿಂದ ಗುಲಾಮಹುಸೇನನಿಗೆ ಎರಡು ತಿಂಗಳ ಪಗಾರ ಇನ್ನೂ ಬರಬೇಕು. ಅವನು ಕೇಳಲು ಹೋಗಿಲ್ಲ. ಹೋದರೆ ಅಲ್ಲಿಯ ನಟಿ ಹುಲುಗಮ್ಮ ಎದುರಾಗುತ್ತಾಳೆ. ಅವಳಿಗೆ ಅವನು ಹೇಳಬೇಕಾಗಿದ್ದದ್ದು ಒಂದು ಮಾತು. ಹೇಳುವ ಹೊತ್ತಿಗೆ ಹೇಳಲಿಲ್ಲ.

ಕಂಪನಿಗೊಂದು ಹಳೆಯ ಬಸ್ಸಿತ್ತು. ಸೀಟು ಕಿತ್ತು ಹಲಗೆ ಹಾಸಿ ಅದನ್ನೇ ಮನೆ ಮಾಡಿದ್ದರು. ಹೆಂಗಸರಿಗೆ ಮಲಗಲು ಅದೇ, ಮಳೆ ಬಂದರೆ ಅಡುಗೆಗೂ ಅದೇ. ಹಗರಿಬೊಮ್ಮನಹಳ್ಳಿಯ ಗುಲಾಮಹುಸೇನ ಅದರ ಡ್ರೈವರ್, ರಿಪೇರಿಯವನೂ ಅವನೇ. ಮಾಡು ಸೋರಿದರೆ ಡಾಂಬರು ಕಾಸಿ ಗೋಣಿತಟ್ಟಿನ ತುಂಡಿಗೆ ಬಳಿದು ಅಂಟಿಸುತ್ತಿದ್ದ. ಪಂಪ್ ಸ್ಟೋವು ಗಾಳಿ ಹಿಡಿಯದಿದ್ದರೆ ಒಳಗಿನ ಚರ್ಮದ ವಾಷರ್ ತೆಗೆದು, ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದ ಅಗಲಿಸಿ ಕೂರಿಸುತ್ತಿದ್ದ. ಆ ಸೀಮೆಯ ಬಾವಿ ನೀರು ಸವುಳು, ಬ್ಯಾಟರಿಗೆ ವಿಷ. ಅದಕ್ಕೆ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ಸೀಸೆಯಲ್ಲಿ ಕಾಪಾಡಿಕೊಂಡಿದ್ದ. ಒಳಗಿನ ದೀಪಗಳು ಉರಿಯಬೇಕಲ್ಲ, ದಿನಾ ಬೆಳಿಗ್ಗೆ ಬ್ಯಾಟರಿ ತುಂಬುವಷ್ಟು ಹೊತ್ತು ಇಂಜಿನ್ ಚಾಲೂ ಇಡುತ್ತಿದ್ದ.

"ಗುಲಾಮಣ್ಣನ ಹುಂಜ ಕೂಗ್ತು, ಏಳ್ರವ್ವಾ" ಅನ್ನುತ್ತಿದ್ದಳು ಹುಲುಗಮ್ಮ. ಕಂಪನಿಯಲ್ಲಿ ಜನರನ್ನು ನಗಿಸುವ ಪಾತ್ರ ಅವಳದು. ಎಪ್ಪತ್ತೊಂಬತ್ತರ ಮಳೆಗಾಲ, ಉಜ್ಜಿನಿಯಲ್ಲಿ ಕ್ಯಾಂಪು ಬಿದ್ದಾಗ ತುಂಬಿದ ಬಸುರಿ.

ಒಂದು ದಿನ ಹೆಂಗಸರು ಹಳ್ಳಕ್ಕೆ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ಪಾಲಾಕ್ಷಪ್ಪ ಬಂದ.

"ಹಿಂದಿನ ಗಾಲಿ ಬಿಚ್ಚು ಲೇ ಗುಲಾಮ. ಅಳಿಯನ ಲಾರಿಗೆ ಬೇಕಾಗ್ಯಾವ. ಹೆಂಗೂ ನಿಂತ ಬಸ್ಸು."

"ಬಸ್ರಿ ಹೆಣ್ಮಗಳು ಅದಾಳ್ರಿ, ಧಣ್ಯಾರ."

"ನಾಕು ದಿನದಾಗ ತಿರುಗಿ ಬರ್ತಾವ. ಹೇಳಿ ಅವರನ್ನ ಅಂಜಿಸಬ್ಯಾಡ."

ಗುಲಾಮಹುಸೇನ ಜಾಕು ಕೊಟ್ಟು ಗಾಲಿ ಬಿಚ್ಚಿದ. ಬಸ್ಸು ವಾಲದಂತೆ ಕಲ್ಲು ಹೊಂದಿಸಿದ. ಅವನ ಕೆಲಸ ಯಾವತ್ತೂ ಚೊಕ್ಕ. ನಾಯಿ ಹಂದಿ ನುಗ್ಗದಿರಲೆಂದು ಕ್ಯಾಂಪಿನಲ್ಲಿ ಬಸ್ಸಿನ ಬುಡಕ್ಕೆ ಸುತ್ತಲೂ ಹಳೆಯ ಸೀನಿನ ಪರದೆ ಕಟ್ಟುವುದು ವಾಡಿಕೆ. ಅರಮನೆ ಕಂಬಗಳ ಆ ಪರದೆ ಮತ್ತೆ ಇಳಿಬಿದ್ದಾಗ ಗಾಲಿ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನವೇ ಹುಲುಗಮ್ಮ ಸ್ಟೋವು ಹಿಡಿದು ಬಂದಳು.

"ಅಣ್ಣಾ, ಕೂಸು ಅಡ್ಡ ಐತಿ ಅಂದಾಳ ಸೂಲಗಿತ್ತಿ. ನೋವು ಶುರು ಆದಕೂಡಲೇ ಕೊಟ್ಟೂರು ದವಾಖಾನಿಗೆ ಒಯ್ಯಬೇಕಂತ. ಅಲ್ಲೇ ಸೋದರತ್ತಿ ಮನ್ಯಾಗ ಹೋಗಿ ಇರು ಅಂತಾಳ ಮೈಲಮ್ಮಕ್ಕ. ಆ ಅತ್ತಿ ಮಾರಿ ಯಾರು ನೋಡ್ಬೇಕು? ನಿನ್ನ ಬಸ್ಸು ಐತಲ್ಲ."

ಅವನು ಸ್ಟೋವಿನ ಬಾಯಿಗೆ ಪಿನ್ನು ಆಡಿಸುತ್ತ "ಹೂಂ" ಅಂದ.

ಅಷ್ಟೇ. ನಾಲ್ಕು ದಿನ ತಾನೇ ಅಂದುಕೊಂಡ. ನಾಲ್ಕು ದಿನ ಕಳೆದವು, ಗಾಲಿ ಬರಲಿಲ್ಲ. ಕೇಳಿದರೆ ಪಾಲಾಕ್ಷಪ್ಪ, "ಲಾರಿ ಹರಪನಹಳ್ಳಿ ಕಡೆ ಹೋಗೈತಿ, ಬರ್ತದ ತಡಿ" ಅಂದ. ಗುಲಾಮಹುಸೇನ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಯಾಕೆಂದು ಕೇಳುತ್ತಾರಲ್ಲ.

ನೋವು ಬಂದದ್ದು ಮಟಮಟ ಮಧ್ಯಾಹ್ನ. ಹಿರಿಯ ನಟಿ ಮೈಲಮ್ಮ, ಹುಲುಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಹೊಡಿಯೋ ಗುಲಾಮಣ್ಣ, ಕೊಟ್ಟೂರಿಗೆ" ಅಂದಳು. ಅವನು ಸೀಟಿನ ಮೇಲೆ ಕೂತ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಹಿಂದಿನಿಂದ ಹುಲುಗಮ್ಮ, ಹಲ್ಲು ಕಚ್ಚಿಕೊಂಡೇ, "ನಮ್ಮ ಹುಂಜ" ಅಂದಳು.

ಅವನು ಇಂಜಿನ್ ಆರಿಸಿ ಕೆಳಗಿಳಿದ. ಪರದೆ ಎತ್ತಿ ಹಿಡಿದು ನಿಂತ. ಮೈಲಮ್ಮ ಬಾಗಿಲಲ್ಲಿ ಬಗ್ಗಿ ಕಲ್ಲು ನೋಡಿದಳು.

"ನಿನ್ನ ಬಾಯಿ ಮಣ್ಣಾಗ ಹೋಗ" ಅಂದಳು, ದನಿ ಏರಿಸದೆ. "ಗಾಡಿ ತಾ, ಹೋಗು."

ಎತ್ತಿನ ಗಾಡಿ ಸಿಕ್ಕಿತು. ಎರೆಮಣ್ಣಿನ ದಾರಿ, ಗಾಲಿ ಹೂತಲ್ಲೆಲ್ಲ ಅವನೇ ಹೆಗಲು ಕೊಟ್ಟ. ಕೊಟ್ಟೂರು ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಡಾಕ್ಟರು ತಾಯಿಯನ್ನು ಉಳಿಸಿದರು. ಹೆಣ್ಣು ಕೂಸು, ಉಳಿಯಲಿಲ್ಲ.

ಮರುದಿನ ಅವನು ದವಾಖಾನೆಯ ಬಾಗಿಲಲ್ಲಿ ನಿಂತಿದ್ದಾಗ ಹುಲುಗಮ್ಮ ಬೈಯಲಿಲ್ಲ. "ಇದೇ ಊರಿಗೆ ಮೊದಲ ಬಂದು ಇರ್ತಿದ್ನಲ್ಲೋ ಅಣ್ಣಾ" ಅಂದಳು. "ಆ ಅತ್ತಿ ಮಾರಿನಾರ ನೋಡ್ತಿದ್ದೆ."

ಅವನು ಉಜ್ಜಿನಿಗೆ ತಿರುಗಿ ಹೋಗಲಿಲ್ಲ. ಈಗ ತನ್ನ ಊರಿನ ಸ್ಟೇಷನ್ ಹಾದಿಯಲ್ಲಿ ಸ್ಟೋವು, ಬ್ಯಾಟರಿ ರಿಪೇರಿ ಮಾಡುತ್ತಾನೆ. ತಪ್ಪು ಪಾಲಾಕ್ಷಪ್ಪನದು ಅಂದರೆ ಇಲ್ಲ ಅನ್ನುವುದಿಲ್ಲ. "ಗಾಲಿ ಅವನು ಒಯ್ದ, ಖರೆ. ಹೂಂ ಅಂದವನು ನಾನು" ಅನ್ನುತ್ತಾನೆ. ಪಾಲಾಕ್ಷಪ್ಪನ ಆಟ ನಡೆದೇ ಇದೆ, ಅದೇ ಬಸ್ಸು, ಅದೇ ಪರದೆ.

ನಿಮ್ಮೂರ ಬಯಲಲ್ಲೂ ಆಳುಮಕ್ಕಳು ಸಂಸಾರ ಹೂಡಿದ ಬಸ್ಸೋ ಲಾರಿಯೋ ನಿಂತಿದ್ದೀತು. ಇಂಜಿನ್ ಸದ್ದನ್ನು ನಂಬಿ ಮನೆಗೆ ಹೋಗಬೇಡಿ. ಬಗ್ಗಿ, ಪರದೆ ಎತ್ತಿ ನೋಡಿ. ಗಾಲಿ ಇಲ್ಲದಿದ್ದರೆ ಮೊದಲು ಒಳಗಿರುವ ಹೆಂಗಸರಿಗೆ ಹೇಳಿ. ಆಮೇಲೆ ಅವರನ್ನು ಕರೆದುಕೊಂಡು ಮಾಲೀಕನ ಬಾಗಿಲಿಗೆ ನಡೆಯಿರಿ, ಗಾಲಿ ಬರುವವರೆಗೆ ಅಲ್ಲಿಂದ ಏಳಬೇಡಿ.